ರೋಗಿಗಳನ್ನು ಬರಿಗಾಲಲ್ಲಿ ನಡೆಸಿದ ಧರ್ಮಗುರು ಸೆಬಾಸ್ಟಿಯನ್ ಕ್ನೈಪ್

ಕಡೂರು, ತರೀಕೆರೆ, ಅಜ್ಜಂಪುರ ಸುತ್ತಿನ ಕಥೋಲಿಕ ಮನೆಗಳಲ್ಲಿ ಒಂದೆರಡು ತಲೆಮಾರುಗಳ ಹಿಂದೆ, ಆರೋಗ್ಯಕ್ಕಾಗಿ ನಡೆಯಬೇಕೆಂದು ಯಾರೂ ಯಾರಿಗೂ ಹೇಳಬೇಕಾಗಿರಲಿಲ್ಲ. ಭಾನುವಾರದ ಬಲಿಪೂಜೆಗೆ ಹಳ್ಳಿಯಿಂದ ಪಟ್ಟಣದ ದೇವಾಲಯದವರೆಗೆ ನಡೆದೇ ಬರುತ್ತಿದ್ದ ಹಿರಿಯರಿದ್ದರು. ಬಾವಿಯಿಂದ ನೀರು ಸೇದುವುದು, ರಾಗಿ ಬೀಸುವುದು, ಹೊಲದ ಕಳೆ ಕೀಳುವುದು ಎಲ್ಲವೂ ಮೈಯ ಕೆಲಸವೇ ಆಗಿದ್ದಿತು. ಈಗ ನೀರು ನಲ್ಲಿಗೆ ಬಂದಿದೆ, ರಾಗಿ ಗಿರಣಿಗೆ ಹೋಗಿದೆ, ದೇವಾಲಯಕ್ಕೆ ಬೈಕು ಬಂದಿದೆ. ಇವೆಲ್ಲ ಒಳ್ಳೆಯದೇ, ಬೀಸುವ ಕಲ್ಲಿನ ಮುಂದೆ ಕೂತು ಸವೆದ ತಾಯಂದಿರ ಕಷ್ಟವನ್ನು ಮತ್ತೆ ಬಯಸುವವರು ಯಾರೂ ಇಲ್ಲ. ಆದರೆ ನಲವತ್ತು ದಾಟಿದವರು ವೈದ್ಯರ ಬಳಿ ಹೋದರೆ ಸಿಗುವ ಚೀಟಿಯಲ್ಲಿ ಮಾತ್ರೆಗಳ ಹೆಸರಿನ ಜೊತೆಗೆ ಒಂದು ಬಾಯಿಮಾತಿನ ಸಲಹೆಯೂ ಇರುತ್ತದೆ. ದಿನವೂ ನಡೆಯಬೇಕು, ಉಪ್ಪು ಸಕ್ಕರೆ ಕಡಿಮೆ ಮಾಡಬೇಕು, ಹೊತ್ತಿಗೆ ಸರಿಯಾಗಿ ಉಂಡು ಮಲಗಬೇಕು. ಮಾತ್ರೆಯನ್ನು ತಪ್ಪದೆ ಕೊಳ್ಳುವ ನಾವು ಸಲಹೆಯನ್ನು ಆಸ್ಪತ್ರೆಯ ಬಾಗಿಲಲ್ಲೇ ಬಿಟ್ಟು ಬರುತ್ತೇವೆ.

ಇದೇ ಸಲಹೆಯನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಸಾವಿರಾರು ಜನರಿಗೆ ಕೊಟ್ಟು, ಅವರಿಂದ ಪಾಲನೆಯನ್ನೂ ಮಾಡಿಸಿದ ಕಥೋಲಿಕ ಧರ್ಮಗುರುವೊಬ್ಬರ ಜೀವನ ನಮ್ಮ ಕುಟುಂಬಗಳಿಗೆ ತಿಳಿದಿರಬೇಕಾದದ್ದು. ಜರ್ಮನಿಯ ಬವೇರಿಯಾ ಪ್ರಾಂತ್ಯದ ವಂದನೀಯ ಸೆಬಾಸ್ಟಿಯನ್ ಕ್ನೈಪ್ ಅವರೇ ಆ ಗುರುಗಳು. ಅವರು ಸಂತರ ಸಾಲಿಗೆ ಸೇರಿದವರಲ್ಲ, ಪವಾಡ ಮಾಡಿದರೆಂದು ಯಾರೂ ಹೇಳುವುದೂ ಇಲ್ಲ. ಪ್ರಕೃತಿ ಚಿಕಿತ್ಸೆಯ ಚರಿತ್ರೆಯಲ್ಲಿ ಮಾತ್ರ ಅವರ ಹೆಸರು ಎಲ್ಲ ದೇಶಗಳಲ್ಲೂ ಕೇಳಿಬರುತ್ತದೆ.

ಕ್ನೈಪ್ ಹುಟ್ಟಿದ್ದು 1821ರ ಮೇ 17ರಂದು, ಸ್ಟೆಫನ್ಸ್‌ರೀಡ್ ಎಂಬ ಪುಟ್ಟ ಹಳ್ಳಿಯಲ್ಲಿ. ತಂದೆ ನೇಕಾರರು. ಮನೆಯ ನೆಲಮಾಳಿಗೆಯ ತಣ್ಣನೆಯ ಕತ್ತಲಲ್ಲಿ ಮಗ್ಗವಿದ್ದಿತು. ಎಳೆಯ ವಯಸ್ಸಿನಲ್ಲೇ ಹುಡುಗ ಆ ಮಗ್ಗದ ಮುಂದೆ ಕೂರಬೇಕಾಯಿತು. ಗುರುವಾಗಬೇಕೆಂಬ ಆಸೆ ಚಿಕ್ಕಂದಿನಿಂದಲೂ ಇತ್ತಾದರೂ ಬಡ ನೇಕಾರನ ಮಗನಿಗೆ ಲ್ಯಾಟಿನ್ ಕಲಿಸುವವರು ಯಾರು? ನೇಯ್ದು, ಕೂಲಿ ಮಾಡಿ, ಕಾಸಿಗೆ ಕಾಸು ಸೇರಿಸಿ ಓದಿಗೆಂದು ಕೂಡಿಟ್ಟ ಹಣ ಅವರ ಇಪ್ಪತ್ತರ ಆಸುಪಾಸಿನಲ್ಲಿ ಮನೆಗೆ ಬಿದ್ದ ಬೆಂಕಿಯಲ್ಲಿ ಸುಟ್ಟುಹೋಯಿತು. ಬೇರೊಬ್ಬನಾಗಿದ್ದರೆ ಅಲ್ಲಿಗೆ ಮಗ್ಗವೇ ತನ್ನ ಪಾಲೆಂದು ಸುಮ್ಮನಾಗುತ್ತಿದ್ದನು. ಇವರು ಮನೆ ಬಿಟ್ಟು ಹೊರಟರು. ಗ್ರೋನನ್‌ಬಾಖ್ ಎಂಬ ಊರಿನಲ್ಲಿ ಸಹಾಯಕ ಗುರುವಾಗಿದ್ದ ಮತ್ಯಾಸ್ ಮೆರ್ಕ್ಲೆಯವರು, ದೂರದ ಬಂಧುವೂ ಆಗಿದ್ದವರು, ಈ ಬೆಳೆದ ಹುಡುಗನಿಗೆ ಲ್ಯಾಟಿನ್ ವ್ಯಾಕರಣವನ್ನು ಮೊದಲಿನಿಂದ ಕಲಿಸಲು ಒಪ್ಪಿಕೊಂಡರು. 1844ರಲ್ಲಿ ಡಿಲ್ಲಿಂಗನ್ ಪಟ್ಟಣದ ಪ್ರೌಢಶಾಲೆಗೆ ಸೇರಿದಾಗ ಅವರಿಗೆ 23 ವರ್ಷ. ಬೆಂಚಿನಲ್ಲಿ ಪಕ್ಕದಲ್ಲಿ ಕೂತವರೆಲ್ಲ ಚಿಕ್ಕ ಮಕ್ಕಳು.

ಹಾಗೆ ಕಷ್ಟಪಟ್ಟು ಓದುತ್ತಿರುವಾಗಲೇ ಎದೆಯ ಕಾಯಿಲೆ ಕಾಣಿಸಿಕೊಂಡಿತು. ಅದು ಕ್ಷಯವೆಂದು ತಿಳಿಯಲಾಯಿತು. ಆ ಕಾಲದಲ್ಲಿ ಕ್ಷಯವೆಂದರೆ ಮರಣದ ತೀರ್ಪು. ಆ ರೋಗಕ್ಕೆ ಕಾರಣವಾದ ಜೀವಾಣುವನ್ನು ರಾಬರ್ಟ್ ಕಾಖ್ ಕಂಡುಹಿಡಿದದ್ದು 1882ರಲ್ಲಿ. ಅದನ್ನು ಕೊಲ್ಲುವ ಮೊದಲ ಔಷಧ ಸ್ಟ್ರೆಪ್ಟೋಮೈಸಿನ್ ದೊರೆತದ್ದು 1943ರಲ್ಲಿ. ಇವೆರಡೂ ಇಲ್ಲದ ಕಾಲದಲ್ಲಿ, 1849ರಲ್ಲಿ, ಕ್ನೈಪ್ ಕೈಗೆ ಒಂದು ಹಳೆಯ ಚಿಕ್ಕ ಪುಸ್ತಕ ಸಿಕ್ಕಿತು. ಯೋಹಾನ್ ಸೀಗ್‌ಮುಂಡ್ ಹಾನ್ ಎಂಬ ಹದಿನೆಂಟನೆಯ ಶತಮಾನದ ವೈದ್ಯರು ತಣ್ಣೀರಿನ ಗುಣದ ಬಗ್ಗೆ ಬರೆದ ಪುಸ್ತಕವದು. ಬೇರೆ ದಾರಿಯಿಲ್ಲದ ವಿದ್ಯಾರ್ಥಿ ಚಳಿಗಾಲದಲ್ಲಿ ಡಾನ್ಯೂಬ್ ನದಿಯವರೆಗೆ ಓಡಿಹೋಗಿ, ಮೈ ಬಿಸಿಯಾಗಿರುವಾಗಲೇ ಕೆಲವೇ ಕ್ಷಣ ನೀರಿನಲ್ಲಿ ಮುಳುಗಿ, ಎದ್ದು, ಮೈ ಒರೆಸದೆಯೇ ಬಟ್ಟೆ ತೊಟ್ಟು, ಮತ್ತೆ ಓಡಿ ಕೋಣೆಗೆ ಮರಳತೊಡಗಿದರು. ವಾರಕ್ಕೆ ಎರಡು ಮೂರು ಬಾರಿ ಇದು ನಡೆಯಿತು. ತಿಂಗಳುಗಳು ಕಳೆದಂತೆ ಕೆಮ್ಮು ಇಳಿಯಿತು, ಬಲ ಬಂದಿತು, ಓದು ಮುಂದುವರಿಯಿತು.

ಇಲ್ಲಿ ಓದುಗರು ಒಂದು ಕ್ಷಣ ನಿಲ್ಲಬೇಕು. ತಣ್ಣೀರು ಕ್ಷಯದ ಜೀವಾಣುವನ್ನು ಕೊಲ್ಲುವುದಿಲ್ಲ. ಆ ರೋಗ ಕೆಲವರಲ್ಲಿ ತಾನಾಗಿಯೇ ಅಡಗುವುದುಂಟು. ಬಯಲ ಗಾಳಿ, ಓಟ, ನಿಯಮಿತ ಜೀವನ ಇವುಗಳಿಂದ ಕ್ನೈಪ್ ಅವರ ದೇಹಕ್ಕೆ ಹೋರಾಡುವ ಶಕ್ತಿ ಬಂದಿರಲೂಬಹುದು. ಇಂದು ಎರಡು ವಾರ ಮೀರಿ ಕೆಮ್ಮು ಇರುವ ಯಾರೇ ಆಗಲಿ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿಸಬೇಕು. ಕ್ಷಯವೆಂದು ತಿಳಿದರೆ ಉಚಿತವಾಗಿ ಸಿಗುವ ಔಷಧವನ್ನು, ಸಾಮಾನ್ಯವಾಗಿ ಆರು ತಿಂಗಳು, ನಡುವೆ ಬಿಡದೆ ಸೇವಿಸಬೇಕು. ಕ್ನೈಪ್ ಅವರ ಬಳಿ ಆ ಔಷಧ ಇದ್ದಿದ್ದರೆ ಅವರು ಚಳಿಗಾಲದ ನದಿಗೆ ಇಳಿಯುತ್ತಿದ್ದರೇ ಎಂಬುದು ಅನುಮಾನ.

ಮುಂದೆ ಮ್ಯೂನಿಕ್‌ನ ಗುರುಮಠದಲ್ಲಿ ಓದುತ್ತಿದ್ದಾಗ ತನ್ನಂತೆಯೇ ನರಳುತ್ತಿದ್ದ ಸಹಪಾಠಿಗೆ ರಾತ್ರಿ ಹೊತ್ತು ಗುಟ್ಟಾಗಿ ತೋಟದಲ್ಲಿ ನಿಲ್ಲಿಸಿ ನೀರು ಹಾಯಿಸಿದರು. ಅದಕ್ಕೆ ಬಳಸಿದ ಉಪಕರಣ ಗಿಡಗಳಿಗೆ ನೀರು ಹಾಕುವ ತಗಡಿನ ಡಬ್ಬಿ. ಲೋಕಪ್ರಸಿದ್ಧವಾದ ಚಿಕಿತ್ಸಾ ಪದ್ಧತಿಯೊಂದು ಇಷ್ಟು ಅಗ್ಗದ ಸಾಮಾನಿನಿಂದ ಆರಂಭವಾಯಿತೆಂಬುದು ಗಮನಾರ್ಹ. 1852ರ ಆಗಸ್ಟ್ 6ರಂದು ಆಗ್ಸ್‌ಬರ್ಗ್ ಪ್ರಧಾನಾಲಯದಲ್ಲಿ ಅವರಿಗೆ ಗುರುದೀಕ್ಷೆಯಾಯಿತು.

ಕಿರಿಯ ಗುರುವಾಗಿ ಹಳ್ಳಿಗಳಲ್ಲಿ ಸೇವೆ ಮಾಡುವಾಗ ರೋಗಿಗಳ ಮನೆಗೆ ಸಂಸ್ಕಾರ ನೀಡಲು ಹೋಗುತ್ತಿದ್ದ ಅವರು, ವೈದ್ಯರಿಲ್ಲದ ಮನೆಗಳನ್ನು ಕಂಡು ತಮಗೆ ತಿಳಿದ ಉಪಚಾರವನ್ನೂ ಮಾಡತೊಡಗಿದರು. 1854ರಲ್ಲಿ ಬವೇರಿಯಾದಲ್ಲಿ ಕಾಲರಾ ಹರಡಿದಾಗ ಬೋಸ್ ಎಂಬ ಹಳ್ಳಿಯಲ್ಲಿ ಅವರು ಮಾಡಿದ ಶುಶ್ರೂಷೆಯಿಂದ ಜನ ಅವರನ್ನು ಕಾಲರಾ ಗುರುಗಳೆಂದೇ ಕರೆದರು. ಆದರೆ ಪರವಾನಗಿ ಇಲ್ಲದವರು ಚಿಕಿತ್ಸೆ ಮಾಡಬಾರದೆಂಬ ಕಾನೂನು ಅಲ್ಲಿದ್ದಿತು. ವೈದ್ಯರೂ ಔಷಧ ವ್ಯಾಪಾರಿಗಳೂ ದೂರು ಕೊಟ್ಟರು. ವಿಚಾರಣೆಯಾಯಿತು, ದಂಡವೂ ಬಿದ್ದಿತು. ದೂರು ಕೊಟ್ಟವರನ್ನು ಕೆಟ್ಟವರೆಂದು ಬಿಡುವುದು ಸುಲಭ. ಆದರೆ ವಿದ್ಯೆಯಿಲ್ಲದವರು ವೈದ್ಯ ಮಾಡಬಾರದೆಂಬ ನಿಯಮ ಬಡವರ ರಕ್ಷಣೆಗೇ ಇರುವಂಥದ್ದು. ಕ್ನೈಪ್ ಅವರಿಗೂ ಇದು ತಿಳಿಯದೆ ಇರಲಿಲ್ಲ. ಬಾಗಿಲಿಗೆ ಬಂದ, ವೈದ್ಯರು ಕೈಬಿಟ್ಟ ಬಡವನನ್ನು ಏನು ಮಾಡುವುದು ಎಂಬ ಇಕ್ಕಟ್ಟು ಅವರನ್ನು ಬಹುಕಾಲ ಕಾಡಿತು. ಮುಂದೆ ಹೆಸರು ಬಂದ ಕಾಲದಲ್ಲಿ ಅವರು ವೈದ್ಯರನ್ನು ದೂರವಿಡಲಿಲ್ಲ, ಬದಲಾಗಿ ಪಕ್ಕದಲ್ಲೇ ಕೂರಿಸಿಕೊಂಡರು. ಅವರ ಪದ್ಧತಿಯನ್ನು ಅನುಸರಿಸುವ ವೈದ್ಯರದೇ ಒಂದು ಅಂತರರಾಷ್ಟ್ರೀಯ ಸಂಘ 1894ರಲ್ಲಿ ಸ್ಥಾಪನೆಯಾಯಿತು. ದೂರಿನಿಂದ ಆರಂಭವಾದ ಸಂಬಂಧ ಸಹಕಾರದಲ್ಲಿ ನೆಲೆಗೊಂಡ ಈ ಘಟ್ಟವೇ ಅವರ ಜೀವನದಲ್ಲಿ ಹೆಚ್ಚು ಮೆಚ್ಚತಕ್ಕದ್ದೆಂದು ಈ ಲೇಖಕನ ಭಾವನೆ.

1855ರ ಮೇ ತಿಂಗಳಲ್ಲಿ ಅವರನ್ನು ವೋರಿಸ್‌ಹೋಫನ್ ಎಂಬ ಹಳ್ಳಿಯ ದೊಮಿನಿಕನ್ ಸನ್ಯಾಸಿನಿಯರ ಮಠಕ್ಕೆ ಪಾಪನಿವೇದನೆ ಕೇಳುವ ಗುರುವಾಗಿ ಕಳುಹಿಸಲಾಯಿತು. ಜಲಚಿಕಿತ್ಸೆಯ ಗದ್ದಲ ಅಲ್ಲಿ ಅಡಗಬಹುದೆಂದು ಯಾರಾದರೂ ಭಾವಿಸಿದ್ದರೆ ಅದು ಹುಸಿಯಾಯಿತು. ಮೊದಲ ವರ್ಷಗಳಲ್ಲಿ ಮಾತ್ರ ಅವರು ಮಠದ ಹೊಲ, ಹಸು, ಜೇನು ಇವುಗಳಲ್ಲೇ ಮುಳುಗಿದ್ದರು. ಜೇನು ಸಾಕಣೆಯ ಬಗ್ಗೆ ಪುಸ್ತಕವನ್ನೂ ಬರೆದರು. ಅಮೃತಮಹಲ್ ರಾಸುಗಳ ಅಜ್ಜಂಪುರದವರಿಗೆ ಇಂತಹ ಗುರುಗಳು ಸಿಕ್ಕಿದ್ದರೆ ಬಲಿಪೂಜೆ ಮುಗಿದ ಮೇಲೆ ಹಸುವಿನ ಮೇವಿನ ವಿಚಾರವಾಗಿ ದೀರ್ಘ ಮಾತುಕತೆ ನಡೆಯುತ್ತಿತ್ತು! 1881ರಲ್ಲಿ ಅವರು ಆ ಊರಿನ ವಿಚಾರಣೆ ಗುರುಗಳಾದರು. ರೋಗಿಗಳು ಬರುತ್ತಲೇ ಇದ್ದರು. ತಮ್ಮ ಅನುಭವವನ್ನು ಬರೆದಿಟ್ಟರೆ ಜನ ಮನೆಯಲ್ಲೇ ಮಾಡಿಕೊಳ್ಳಬಹುದು, ತಮ್ಮ ಬಾಗಿಲಿನ ಗುಂಪು ಕರಗಬಹುದು ಎಂದು ಎಣಿಸಿ 1886ರಲ್ಲಿ ನನ್ನ ಜಲಚಿಕಿತ್ಸೆ ಎಂಬ ಅರ್ಥದ ಹೆಸರಿನ ಪುಸ್ತಕವನ್ನು ಪ್ರಕಟಿಸಿದರು. ಆದದ್ದು ನೇರ ವಿರುದ್ಧ. ಪುಸ್ತಕ ಮುದ್ರಣದ ಮೇಲೆ ಮುದ್ರಣ ಕಂಡಿತು, ಹಲವು ಭಾಷೆಗಳಿಗೆ ಹೋಯಿತು, ಸಾವಿರಾರು ಜನ ಆ ಹಳ್ಳಿಯನ್ನು ಹುಡುಕಿಕೊಂಡು ಬಂದರು. 1889ರಲ್ಲಿ ದೈನಂದಿನ ಬದುಕು ಹೇಗಿರಬೇಕೆಂಬುದನ್ನು ಕುರಿತು ಇನ್ನೊಂದು ಪುಸ್ತಕ ಬರೆದರು. ರಾಜಮನೆತನದವರೂ ರೈತರೂ ಒಂದೇ ಹುಲ್ಲುಗಾವಲಿನಲ್ಲಿ ಬೆಳಗಿನ ಇಬ್ಬನಿಯ ಮೇಲೆ ಬರಿಗಾಲಲ್ಲಿ ನಡೆಯುತ್ತಿದ್ದರು. ಬಡವರಿಂದ ಹಣ ಪಡೆಯಲಿಲ್ಲ. ಇದ್ದವರು ಕೊಟ್ಟ ಹಣದಿಂದ ಚಿಕಿತ್ಸಾಲಯಗಳನ್ನು ಕಟ್ಟಿಸಿದರು, ರೋಗಪೀಡಿತ ಮಕ್ಕಳಿಗೆಂದು ಒಂದು ಆಶ್ರಯಧಾಮವನ್ನೂ ತೆರೆದರು. 1894ರಲ್ಲಿ ರೋಮಿಗೆ ಹೋದಾಗ ಎಂಬತ್ತು ದಾಟಿದ್ದ ಜಗದ್ಗುರು ಹದಿಮೂರನೆಯ ಲಿಯೋ ಅವರಿಗೂ ಉಪಚಾರ ಮಾಡಿದರು. ಜಗದ್ಗುರುಗಳು 1903ರವರೆಗೆ, 93 ವರ್ಷ ಬಾಳಿದರು. ಅದಕ್ಕೆ ನೀರೇ ಕಾರಣವೆಂದು ಹೇಳುವ ಸಾಹಸ ಬೇಡ.

ಇದೇ ಕಾಲದಲ್ಲಿ ನಮ್ಮ ಘಟ್ಟದ ಕೆಳಗೆ ಇನ್ನೊಬ್ಬ ಜರ್ಮನ್ ಧರ್ಮಗುರು ಇದೇ ಬಗೆಯ ಇಕ್ಕಟ್ಟಿಗೆ ತಮ್ಮದೇ ಉತ್ತರವನ್ನು ಹುಡುಕುತ್ತಿದ್ದರು. 1878ರ ಕೊನೆಯ ದಿನ ಮಂಗಳೂರಿಗೆ ಬಂದಿಳಿದ ಯೇಸುಸಭೆಯ ಗುರುಗಳ ಪೈಕಿ ಒಬ್ಬರಾದ ಫಾದರ್ ಅಗಸ್ಟಸ್ ಮುಲ್ಲರ್ ಅವರು 1880ರಲ್ಲಿ ಕಂಕನಾಡಿಯಲ್ಲಿ ಬಡವರಿಗಾಗಿ ಹೋಮಿಯೋಪಥಿ ಔಷಧಾಲಯ ತೆರೆದರು, 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ಕಲ್ಪಿಸಿದರು, 1910ರಲ್ಲಿ ನಿಧನರಾದರು. ಅವರ ಹೆಸರಿನ ಆಸ್ಪತ್ರೆಗೆ ನಮ್ಮ ಜಿಲ್ಲೆಯಿಂದ ಘಟ್ಟ ಇಳಿದು ಹೋಗುವವರು ಇಂದಿಗೂ ಇದ್ದಾರೆ. ಮುಲ್ಲರ್ ಅವರು ರೋಗ ಬಂದವರಿಗೆ ಔಷಧ ಕೊಟ್ಟರು. ಕ್ನೈಪ್ ಅವರ ಒಲವು ಹೆಚ್ಚಾಗಿ, ರೋಗ ಬಾರದಂತೆ ದೇಹವನ್ನು ಹದದಲ್ಲಿಡುವ ಕಡೆಗೆ. ಹಾಗಾಗಿಯೇ ಆಸ್ಪತ್ರೆ ದೂರವಿರುವ ಹಳ್ಳಿಯವರಿಗೂ ಕ್ನೈಪ್ ಅವರ ಮಾತು ಬಳಕೆಗೆ ಬರುತ್ತದೆ.

ಅವರ ಪದ್ಧತಿಯಲ್ಲಿ ನೀರಿನ ಪಾತ್ರವೇನು ಎಂದು ಕೇಳಬಹುದು. ತಣ್ಣೀರು ಚರ್ಮಕ್ಕೆ ತಗಲಿದೊಡನೆ ಅಲ್ಲಿನ ಸಣ್ಣ ರಕ್ತನಾಳಗಳು ಕುಗ್ಗುತ್ತವೆ, ಸ್ವಲ್ಪ ಹೊತ್ತಿನಲ್ಲಿ ಮತ್ತೆ ಹಿಗ್ಗಿ ಮೈ ಬೆಚ್ಚಗಾಗುತ್ತದೆ. ಈ ಕುಗ್ಗು ಹಿಗ್ಗು ರಕ್ತನಾಳಗಳಿಗೆ ಒಂದು ಬಗೆಯ ವ್ಯಾಯಾಮ. ಆದುದರಿಂದ ತಣ್ಣಗಾದ ಮೈಗೆ ತಣ್ಣೀರು ಹಾಕಬಾರದು. ಮೊದಲು ನಡೆದು ಬೆಚ್ಚಗಾಗಬೇಕು, ನೀರು ಹಾಕಿದ ಮೇಲೂ ನಡೆದು ಬೆಚ್ಚಗಾಗಬೇಕು, ಹೊಟ್ಟೆ ತುಂಬಿದಾಗ ಮಾಡಬಾರದು. ಪಾದದಿಂದ ಮೊದಲ್ಗೊಂಡು ಮೊಣಕಾಲಿನವರೆಗೆ ಮೆಲ್ಲಗೆ ನೀರು ಹಾಯಿಸುವುದು, ಮೊಣಕೈ ಮೇಲಿನವರೆಗೆ ತೋಳುಗಳನ್ನು ಅರ್ಧ ನಿಮಿಷ ತಣ್ಣೀರಿನಲ್ಲಿ ಇಡುವುದು, ಮೀನಖಂಡದ ಆಳದ ನೀರಿನಲ್ಲಿ ಕೊಕ್ಕರೆಯಂತೆ ಒಂದೊಂದೇ ಕಾಲನ್ನು ಪೂರ್ತಿ ಎತ್ತಿ ಇಡುತ್ತ ನಡೆಯುವುದು, ಇವು ಅವರ ಹೆಸರಾಂತ ಉಪಾಯಗಳು. ಇದಕ್ಕೆ ಕಲ್ಹತ್ತಿಯ ಜಲಪಾತವೇನೂ ಬೇಕಾಗಿಲ್ಲ. ಕೊಳವೆಬಾವಿ ಬತ್ತುವ ಕಡೂರಿನ ಬೇಸಿಗೆಯಲ್ಲಿಯೂ ಒಂದು ಬಕೆಟ್ಟು ನೀರು ಸಾಕು; ಅದೇ ನೀರನ್ನು ಆಮೇಲೆ ತೆಂಗಿನ ಬುಡಕ್ಕೆ ಹಾಕಬಹುದು. ಗಮನಿಸಬೇಕಾದ ಸಂಗತಿಯೆಂದರೆ, ಆರಂಭದಲ್ಲಿ ಕಟುವಾದ ತಣ್ಣೀರು ಉಪಚಾರ ಮಾಡುತ್ತಿದ್ದ ಕ್ನೈಪ್ ಅವರು ಅನುಭವ ಹೆಚ್ಚಿದಂತೆ ಅದನ್ನು ಮತ್ತೆ ಮತ್ತೆ ಮೃದುಗೊಳಿಸುತ್ತ ಬಂದರು. ಹೆಚ್ಚು ಮಾಡಿದರೆ ಹೆಚ್ಚು ಗುಣ ಎಂಬ ಭ್ರಮೆ ಅವರಿಗೆ ಉಳಿಯಲಿಲ್ಲ.

ಬರಿಗಾಲ ನಡಿಗೆಯನ್ನು ಮಾತ್ರ ನಮ್ಮ ನಾಡಿನಲ್ಲಿ ಕಣ್ಣುಮುಚ್ಚಿ ಅನುಸರಿಸಲಾಗದು. ಮಲಿನವಾದ ಹಸಿಮಣ್ಣಿನಲ್ಲಿರುವ ಕೊಕ್ಕೆಹುಳದ ಮರಿಗಳು ಅಂಗಾಲಿನ ಚರ್ಮವನ್ನು ಕೊರೆದು ದೇಹ ಸೇರುತ್ತವೆ. ಇಲಿಜ್ವರದ ರೋಗಾಣು ಗದ್ದೆಯ ಕೆಸರಿನಲ್ಲಿ ಇರಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಡಿಮೆಯಾದವರು ಮುಳ್ಳು ಚುಚ್ಚಿದರೂ ಅರಿಯರು. ಆ ಸಣ್ಣ ಗಾಯವೇ ಮುಂದೆ ಕಾಲು ಕಳೆಯುವ ಹುಣ್ಣಾಗುವುದುಂಟು. ಅಂಥವರು ಮನೆಯೊಳಗೂ ಚಪ್ಪಲಿ ಹಾಕಬೇಕು. ಹೃದ್ರೋಗ ಇರುವವರು ತಣ್ಣೀರಿನ ಪ್ರಯೋಗಕ್ಕೆ ಮುಂಚೆ ವೈದ್ಯರನ್ನು ಕೇಳಬೇಕು. ಉಳಿದವರು ಕಾಲಿಗೆ ಏನು ಹಾಕಿಕೊಂಡರೂ ಸರಿಯೇ, ನಡೆಯಬೇಕು. ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ಶ್ರಮ ವಯಸ್ಕರಿಗೆ ಅಗತ್ಯವೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ತಿಳಿಸಿತು. ದಿನಕ್ಕೆ ಅರ್ಧ ಗಂಟೆಯಂತೆ ವಾರದಲ್ಲಿ ಐದು ದಿನ ಬಿರುಸಾಗಿ ನಡೆದರೆ ಕನಿಷ್ಠ ಲೆಕ್ಕ ಮುಗಿಯಿತು. ದೇವಾಲಯ ಎರಡು ಕಿಲೋಮೀಟರಿನೊಳಗೆ ಇರುವವರಿಗೆ ಭಾನುವಾರದ ಪಾಲು ಪೂಜೆಗೆ ಹೋಗಿ ಬರುವುದರಲ್ಲೇ ತೀರುತ್ತದೆ.

ಊಟದ ವಿಷಯದಲ್ಲಿ ಕ್ನೈಪ್ ಅವರು ಹಳ್ಳಿಯ ಸಾದಾ ಆಹಾರದ ಪಕ್ಷಪಾತಿ. ತೌಡು ತೆಗೆಯದ ಧಾನ್ಯದ ರೊಟ್ಟಿ, ಅದನ್ನು ಒಣಗಿಸಿ ಪುಡಿ ಮಾಡಿ ಕಾಯಿಸಿದ ಗಂಜಿ, ತರಕಾರಿ, ಹಾಲು ಇವೇ ಬಲಕ್ಕೆ ಸಾಕೆಂದು ಅವರ ಮತ. ರಾಗಿಮುದ್ದೆ, ಅವರೆಕಾಳು ಸಾರು, ಸೊಪ್ಪು ಉಂಡು ಬೆಳೆದ ಬಯಲುಸೀಮೆಯವರಿಗೆ ಇದರಲ್ಲಿ ಹೊಸದೇನಿದೆ? ಹೊಸದಾಗಿರುವುದು ನಮ್ಮ ಈಗಿನ ತಟ್ಟೆ. ನಾಮಕರಣ, ಮದುವೆ, ಊರ ಹಬ್ಬ ಎಂದು ವರ್ಷವಿಡೀ ಸಾಗುವ ಔತಣಗಳು, ಉಪ್ಪಿನಕಾಯಿ, ಬೇಕರಿಯ ತಿನಿಸು. ದಿನಕ್ಕೆ ಐದು ಗ್ರಾಂಗಿಂತ ಕಡಿಮೆ ಉಪ್ಪು, ಎಂದರೆ ಒಂದು ಟೀ ಚಮಚಕ್ಕೂ ಕಡಿಮೆ, ಎಂಬ ಮಿತಿ ನಮ್ಮ ಉಪ್ಪಿನಕಾಯಿಯ ಜಾಡಿಗೆ ತಿಳಿದಿಲ್ಲ. ಕಾಫಿಯನ್ನು ಕ್ನೈಪ್ ಅವರು ಒಪ್ಪುತ್ತಿರಲಿಲ್ಲ. ಅದರ ಬದಲಿಗೆ ಹುರಿದ ಬಾರ್ಲಿ ಮೊಳಕೆಯ ಕಷಾಯವನ್ನು ಬಳಕೆಗೆ ತಂದರು. ಬಾಬಾಬುಡನ್ ಗಿರಿಯ ನೆರಳಿನಲ್ಲಿ ಬದುಕುವ ನಮಗೆ ಈ ಮಾತು ರುಚಿಸದು, ಇಂದಿನ ವೈದ್ಯರೂ ಮಿತವಾದ ಕಾಫಿಯನ್ನು ದೂರುವುದಿಲ್ಲ. ಲೋಟಕ್ಕೆ ಎರಡು ಚಮಚದಂತೆ ದಿನಕ್ಕೆ ಐದಾರು ಬಾರಿ ಒಳಹೋಗುವ ಸಕ್ಕರೆಯ ಲೆಕ್ಕ ಬೇರೆ.

ಅವರಲ್ಲಿ ಕೊರತೆಯೂ ಇತ್ತು. ಮಿತವನ್ನು ಬೋಧಿಸಿದ ಆ ಗುರುಗಳಿಗೆ ಚುಟ್ಟಾ ಸೇದುವುದು ಪ್ರಿಯವಾಗಿತ್ತು. ತಂಬಾಕಿನ ಕೇಡು ಪೂರ್ತಿಯಾಗಿ ತಿಳಿಯದ ಕಾಲವದು. ನಮಗೆ ಆ ನೆಪವಿಲ್ಲ. ತಂಬಾಕು ಮಾತ್ರವಲ್ಲ, ಅಡಿಕೆಯೂ ಬಾಯಿಯ ಕ್ಯಾನ್ಸರಿಗೆ ಕಾರಣವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಹೇಳಿತು. ಅಡಿಕೆಯಿಂದಲೇ ಮನೆ ಕಟ್ಟಿ ಮಕ್ಕಳನ್ನು ಓದಿಸಿದ ತರೀಕೆರೆ ಸೀಮೆಯ ಓದುಗರಿಗೆ ಇದನ್ನು ಬರೆಯುವುದು ಸುಲಭವಲ್ಲ. ಆದರೂ ಬೆಳೆಯುವವನು ಬಾಯಿಗೆ ಹಾಕಿಕೊಳ್ಳಲೇಬೇಕೆಂಬ ನಿಯಮವೇನಿಲ್ಲ. ಅಂಗಡಿಯ ಮುಂದೆ ತೋರಣದಂತೆ ತೂಗುವ ಪೊಟ್ಟಣಗಳಿಗೆ ನಮ್ಮ ಯುವಕರು ಕೈಚಾಚುವುದನ್ನು ಕಂಡೂ ಮನೆಯ ಹಿರಿಯರು ಬಾಯಿ ಬಿಡದಿರುವುದಕ್ಕೆ, ಹಿರಿಯರ ಬಾಯಿಯಲ್ಲೂ ಅದೇ ಇರುವುದು ಒಂದು ಕಾರಣ.

ಮನಸ್ಸಿನ ಕ್ರಮವನ್ನು ಕ್ನೈಪ್ ಅವರು ಅರಿತದ್ದು ತಡವಾಗಿ. ನೀರು, ಗಿಡಮೂಲಿಕೆ, ಊಟ, ನಡಿಗೆ ಎಲ್ಲ ಸರಿಯಾಗಿದ್ದರೂ ಕೆಲವರು ಗುಣವಾಗುತ್ತಿರಲಿಲ್ಲ. ವಿಚಾರಿಸಿದಾಗ ಅವರ ಬದುಕೇ ಅಸ್ತವ್ಯಸ್ತವಾಗಿರುವುದು ಕಾಣುತ್ತಿತ್ತು: ನಿದ್ದೆಗೆಟ್ಟ ರಾತ್ರಿಗಳು, ಮನೆಯ ಜಗಳ, ಸಾಲದ ಚಿಂತೆ, ಹಳೆಯ ಹಗೆ. ಅಂಥವರ ಆತ್ಮದ ಕ್ರಮವನ್ನೂ ಸರಿಪಡಿಸತೊಡಗಿದ ಮೇಲೆಯೇ ತಮ್ಮ ಉಪಚಾರ ಫಲಿಸಿತೆಂದು ಅವರು ಕಂಡುಕೊಂಡರು. ಮೂವತ್ತು ವರ್ಷ ಪಾಪನಿವೇದನೆ ಕೇಳಿದ ಗುರುವಿಗೆ ಇದು ಮೊದಲೇ ತಿಳಿಯಬೇಕಿತ್ತಲ್ಲವೇ ಎನಿಸಬಹುದು. ಬಹುಶಃ ದೇಹವನ್ನು ನೋಡುವ ಕಣ್ಣು ಬೇರೆ, ಆತ್ಮವನ್ನು ನೋಡುವ ಕಣ್ಣು ಬೇರೆ ಎಂದು ಅವರೂ ನಮ್ಮೆಲ್ಲರಂತೆ ಬಹುಕಾಲ ಎಣಿಸಿದ್ದರು. ದೇಹವು ಪವಿತ್ರಾತ್ಮರ ಆಲಯವೆಂದು ಧರ್ಮೋಪದೇಶದಲ್ಲಿ ಕಲಿತ ನಾವು ತಪಸ್ಸುಕಾಲದ ನಲವತ್ತು ದಿನ ಮಾಂಸ ಬಿಟ್ಟು, ಪಾಸ್ಕ ಹಬ್ಬದ ಮಧ್ಯಾಹ್ನವೇ ಬಡ್ಡಿಸಮೇತ ಮರಳಿ ಪಡೆಯುವುದೂ ಇಂಥದೇ ಎಣಿಕೆ.

ಭಾರತದಲ್ಲಿ ಪ್ರಕೃತಿ ಚಿಕಿತ್ಸೆಯನ್ನು ಮನೆಮಾತು ಮಾಡಿದ ಗಾಂಧೀಜಿಯವರು ಓದಿ ಅನುಸರಿಸಿದ್ದು ಕ್ಯೂನೆ, ಜುಸ್ಟ್ ಎಂಬ ಬೇರೆ ಜರ್ಮನ್ನರನ್ನು. ನಮ್ಮ ರಾಜ್ಯದಲ್ಲಿ ಉಜಿರೆಯಲ್ಲಿ 1989ರಲ್ಲಿ ಪ್ರಕೃತಿ ಚಿಕಿತ್ಸಾ ಕಾಲೇಜು ಆರಂಭವಾಯಿತು. ಅಮೆರಿಕದಲ್ಲಿ ಈ ವಿದ್ಯೆಯನ್ನು ಬೆಳೆಸಿದ ಬೆನೆಡಿಕ್ಟ್ ಲುಸ್ಟ್ ಅವರಂತೂ ವೋರಿಸ್‌ಹೋಫನ್‌ನಲ್ಲಿ ಗುಣಮುಖರಾಗಿ 1896ರಲ್ಲಿ ಕ್ನೈಪ್ ಅವರ ಪ್ರತಿನಿಧಿಯಾಗಿಯೇ ಅಲ್ಲಿಗೆ ಮರಳಿದವರು.

ಅಷ್ಟರಲ್ಲಿ ಕ್ನೈಪ್ ಅವರ ಆರೋಗ್ಯ ಕುಸಿಯತೊಡಗಿತ್ತು. ಉಪನ್ಯಾಸಗಳಿಗೆಂದು ಯೂರೋಪಿನ ಊರೂರು ತಿರುಗಿದ ಆಯಾಸವೂ ಸೇರಿತ್ತು. ಹೊಟ್ಟೆಯೊಳಗೆ ಗಡ್ಡೆ ಬೆಳೆದಿತ್ತು. ಶಸ್ತ್ರಚಿಕಿತ್ಸೆಗೆ ಅವರು ಒಪ್ಪಲಿಲ್ಲ. ಅಂದಿನ ಶಸ್ತ್ರಚಿಕಿತ್ಸೆಯ ಸ್ಥಿತಿಯಲ್ಲಿ ಆ ನಿರ್ಧಾರವನ್ನು ತಪ್ಪೆನ್ನಲಾಗದು; ಇಂದು ಗಡ್ಡೆಯಿದೆಯೆಂದು ತಿಳಿದೂ ಬೇರು ನಾರು ನಂಬಿ ತಿಂಗಳು ಕಳೆಯುವವರು ಅವರ ಹೆಸರನ್ನು ಆಧಾರವಾಗಿ ಹೇಳಬಾರದು. 1897ರ ಜೂನ್ 17ರಂದು, 76ನೆಯ ವಯಸ್ಸಿನಲ್ಲಿ, ವೋರಿಸ್‌ಹೋಫನ್‌ನಲ್ಲಿಯೇ ಅವರು ಕೊನೆಯುಸಿರೆಳೆದರು. ಅವರನ್ನು ಅಲ್ಲಿನ ಸ್ಮಶಾನದಲ್ಲಿ ಸಮಾಧಿ ಮಾಡಲಾಯಿತು. 1920ರಲ್ಲಿ ಆ ಊರಿನ ಹೆಸರಿಗೆ ಸ್ನಾನಕ್ಷೇತ್ರವೆಂಬ ಅರ್ಥದ ಬಾಡ್ ಎಂಬ ಪದ ಸೇರಿತು. ಅವರು ಸೇವೆ ಮಾಡಿದ ಮಠದಲ್ಲಿ ಈಗ ಅವರ ಸ್ಮಾರಕ ವಸ್ತುಸಂಗ್ರಹವಿದೆ. ಅವರ ಕ್ರಮದಂತೆ ನೀರಿನಲ್ಲಿ ನಡೆಯುವುದಕ್ಕೆ ಜರ್ಮನ್ ಭಾಷೆಯಲ್ಲಿ ಅವರ ಹೆಸರಿನಿಂದಲೇ ಕ್ನೈಪನ್ ಎಂಬ ಕ್ರಿಯಾಪದ ಹುಟ್ಟಿಕೊಂಡಿದ್ದು, 2015ರಲ್ಲಿ ಜರ್ಮನಿ ಆ ರೂಢಿಯನ್ನು ತನ್ನ ಸಾಂಸ್ಕೃತಿಕ ಪರಂಪರೆಯ ರಾಷ್ಟ್ರೀಯ ಪಟ್ಟಿಗೆ ಸೇರಿಸಿಕೊಂಡಿತು.